ಇಲಿ ಕಡಿದ ಕಾವುಗೂಡು

ಪ್ರಯೋಗಾಲಯಗಳಿಗೆ ಮೊಟ್ಟೆ ಮರಿ ಮಾಡಿಸುವ ಕಾವುಗೂಡು ಹೆಣೆದು ಮಾರುತ್ತಿದ್ದ ಗೀಜಗನಿಂದ ಗೂಬೆ ಪ್ರೊಫೆಸರರು ಒಂದು ಗೂಡನ್ನು ಪರೀಕ್ಷೆಗೆಂದು ಒಯ್ದರು. ತಿಂಗಳುಗಟ್ಟಲೆ ತಮ್ಮ ಅಟ್ಟದಲ್ಲಿ ಇಟ್ಟುಕೊಂಡು, ಇಲಿ ಕಡಿದ ತೂತಿನ ಸಮೇತ "ಬೇಡ" ಎಂದು ವಾಪಸ್ ಕಳಿಸಿದರು. ಗೀಜಗ ಸಿಟ್ಟು ನುಂಗಿಕೊಂಡ.

ಮಳೆಗಾಲಕ್ಕೆ ಅವರಿಂದಲೇ ಕರೆ ಬಂತು. "ನಮ್ಮ ಗೂಡುಗಳಲ್ಲಿ ಕಾವು ನಿಲ್ಲುತ್ತಿಲ್ಲ. ಬಂದು ನೋಡಪ್ಪ."

ಹೋಗಿ ನೋಡಿದರೆ, ಸಾಲಾಗಿ ಕಾಗೆ ಕಟ್ಟಿದ ಗೂಡುಗಳು. ಎಲ್ಲವೂ ಅವನ ಗೂಡಿನದೇ ನಕಲು. ಒಂದೊಂದರ ಹೊಟ್ಟೆಯಲ್ಲೂ ಅದೇ ಜಾಗದಲ್ಲಿ ಅದೇ ತೂತು, ಅಂಚಿಗೆ ಚೆಂದದ ಹೊಲಿಗೆ ಬೇರೆ! ಗೀಜಗನಿಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಗೂಡು ನೋಡಿಕೊಂಡು ಕಾಗೆ ಅರ್ಧ ಬೆಲೆಗೆ ಕಟ್ಟಿಕೊಟ್ಟಿತು," ಎಂದರು ಗೂಬೆ ಪ್ರೊಫೆಸರರು. "ಆದರೆ ರಿಪೇರಿ ಅದಕ್ಕೆ ಬರೋದಿಲ್ಲ. ನೀನೇ ಮಾಡಬೇಕು."

"ನನಗೂ ಬರೋದಿಲ್ಲ ಸ್ವಾಮಿ!" ಗೀಜಗ ರೆಕ್ಕೆ ಕೊಡವಿ ಎದ್ದ. "ಆ ತೂತಿನ ವಿನ್ಯಾಸ ನನ್ನದಲ್ಲ, ನಿಮ್ಮ ಅಟ್ಟದ ಇಲಿಯದು. ಅದನ್ನೇ ಕರೆಸಿ!"