ಗವಿರಂಗ ಮಾಡಿದ ಗೇಣುದ್ದದ ವಿಮಾನ

ಒಂದೂರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಚೆನ್ನಾಜಮ್ಮ, ಹೂವು ಮಾರುವವಳು. ಮಗ ಗವಿರಂಗ, ಪೆದ್ದ. ಅಂಥಿಂಥ ಪೆದ್ದನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ನಾವು ನೀವು, ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡು, ಅದರಲ್ಲಿ ಅರ್ಧ ಮಾಡಿ, ಜಾಣರು ಅನ್ನಿಸಿಕೊಂಡು ಓಡಾಡುತ್ತೇವೆ. ಅವನಿಗೆ ಆ ವಿದ್ಯೆ ಹತ್ತಲಿಲ್ಲ. ವಯಸ್ಸು ಮೂವತ್ತಾಗಿತ್ತು, ಮೀಸೆ ದಪ್ಪಗೆ ಬಂದಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು.

ಆ ಊರಿನ ನಡುವೆ ಒಂದು ಸರ್ಕಲ್ಲು. ಸರ್ಕಲ್ಲಿನ ನಡುವೆ ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ ಒಂದು ಜೆಟ್ ವಿಮಾನ. ಆಟದ್ದಲ್ಲ, ನಿಜವಾದದ್ದು. ಹಾರುವ ಕಾಲ ಮುಗಿದ ಮೇಲೆ ಊರಿಗೆ ಅಂದವಾಗಿರಲಿ ಅಂತ ತಂದು ನಿಲ್ಲಿಸಿದ್ದರು. ಅದರ ರೆಕ್ಕೆಯ ನೆರಳಲ್ಲಿ ಒಂದು ಕಲ್ಲುಬೆಂಚು, ಬೆಂಚಿನ ಪಕ್ಕ ಚೆನ್ನಾಜಮ್ಮನ ಹೂವಿನ ತಳ್ಳುಗಾಡಿ.

ಒಂದು ದಿನ ಚೆನ್ನಾಜಮ್ಮ ಮಗನನ್ನು ಗಾಡಿ ಹತ್ತಿರ ನಿಲ್ಲಿಸಿ, ಯಾರಾದರೂ ಮೊಳ ಮಲ್ಲಿಗೆ ಕೇಳಿದರೆ ಅವರಿಗೆ ನ್ಯಾಯವಾದ ಒಂದು ಮೊಳ ಕೊಡಪ್ಪ, ಮೋಸ ಮಾಡಬೇಡ, ಅಂತ ಹೇಳಿ ಮಾರ್ಕೆಟ್ಟಿಗೆ ಹೋದಳು. ಗವಿರಂಗ ಯೋಚನೆ ಮಾಡಿದ. ಅವರವರಿಗೆ ಅವರವರ ಮೊಳ ತಾನೇ ನ್ಯಾಯ? ಬಂದ ಬಂದವರ ಕೈ ಹಿಡಿದು ಮೊಣಕೈಯಿಂದ ಬೆರಳ ತುದಿಗೆ ಹೂವು ಅಳೆದ. ಗರಡಿಯ ಪೈಲ್ವಾನನಿಗೆ ಒಂದೂವರೆ ಪಾಲು ಹೋಯಿತು. ಅಂಗನವಾಡಿಯ ಮಗುವಿಗೆ ಗೇಣು ಸಿಕ್ಕಿತು, ಅದು ಅಳುತ್ತಾ ಮನೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಉದ್ದ ಕೈಯವರೆಲ್ಲ ಸಾಲು ನಿಂತಿದ್ದರು.

ಚೆನ್ನಾಜಮ್ಮ ಬಂದು ತಲೆ ಚಚ್ಚಿಕೊಂಡಳು. ಅಯ್ಯೋ ನನ್ನಪ್ಪ, ಇನ್ನುಮೇಲೆ ಯಾರೇ ಬರಲಿ, ಯಾವುದೇ ಆಗಲಿ, ಒಂದೇ ಅಳತೆ ಇಟ್ಟುಕೊ ಅಂದಳು. ಆಗಲಿ ಅಮ್ಮ, ಅಂದ ಗವಿರಂಗ.

ಬೈದರೂ ಅವಳಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ನಾನು ಇರುವ ತನಕ ಸರಿ, ಆಮೇಲೆ ಇವನಿಗೆ ತುತ್ತು ಹಾಕುವವರು ಯಾರು? ಯಾವುದಾದರೂ ಒಂದು ಕೆಲಸ ಕೈಗೆ ಹತ್ತಿದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ. ಅವಳು ದೇವರ ಹತ್ತಿರ ಕೇಳುತ್ತಿದ್ದದ್ದು ಇದೊಂದೇ.

ದೇವರು ಕೇಳಿಸಿಕೊಂಡನೋ ಏನೋ, ಸರ್ಕಲ್ಲಿನ ಆಚೆ ಬದಿಯ ಮೋನಪ್ಪಾಚಾರ್ರು ಹೂವು ಕೊಳ್ಳಲು ಬಂದರು. ಅವರು ಮರದಲ್ಲಿ ಮಾದರಿ ಮಾಡುವವರು. ದೇವಸ್ಥಾನ, ಅಣೆಕಟ್ಟು, ಮದುವೆ ಮಂಟಪ, ಯಾವುದು ಹೇಳಿದರೂ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಿ ಮಾಡಿಕೊಡುತ್ತಿದ್ದರು. ಈಗ ಅವರಿಗೆ ಕೈ ನಡುಗುತ್ತಿತ್ತು. ಗವಿರಂಗ ಹರಿದ ಹೂವಿನ ದಾರಕ್ಕೆ ಗಂಟು ಹಾಕುವುದನ್ನು ನೋಡಿದರು. ಗಂಟು ಎಲ್ಲಿದೆ ಅಂತ ಕಾಣಲೇ ಇಲ್ಲ.

ಅವರು ಚೆನ್ನಾಜಮ್ಮನಿಗೆ ವಿಷಯ ಹೇಳಿದರು. ಪಂಕಜಾಕ್ಷಿ ಟೀಚರ್ ಒಂದು ಕೆಲಸ ಕೊಟ್ಟಿದ್ದಾರೆ. ಟೀಚರ ತಂದೆ ಸಾರ್ಜೆಂಟ್ ತಾತನಿಗೆ ಮುಂದಿನ ತಿಂಗಳು ಎಂಬತ್ತು ತುಂಬುತ್ತದೆ. ಸರ್ಕಲ್ಲಿನ ಈ ವಿಮಾನ ಹಾರುತ್ತಿದ್ದ ಕಾಲದಲ್ಲಿ ಇದನ್ನು ರಿಪೇರಿ ಮಾಡುತ್ತಿದ್ದವರು ಅವರೇ. ದಿನಾ ಬಂದು ಈ ಬೆಂಚಿನ ಮೇಲೆ ಕೂರುತ್ತಿದ್ದರು. ಬಿದ್ದು ಸೊಂಟ ಮುರಿದ ಮೇಲೆ ಎರಡು ವರ್ಷದಿಂದ ಮಹಡಿ ಇಳಿದಿಲ್ಲ. ನಾಲ್ಕು ಜನ ಹೊತ್ತು ಕರೆದುಕೊಂಡು ಹೋಗುತ್ತೇವೆ ಅಂದರೆ, ಬದುಕಿರುವಾಗಲೇ ನಾಲ್ಕು ಜನರ ಮೇಲೆ ಹೋಗಲ್ಲ ಅನ್ನುತ್ತಿದ್ದರು. ಈಗೀಗ ಮಾತೂ ಬಿಟ್ಟಿದ್ದಾರೆ, ಊಟವೂ ಅರ್ಧಂಬರ್ಧ. ಹಾಸಿಗೆ ಪಕ್ಕದಲ್ಲಿ ಇಡಲು ಇದೇ ವಿಮಾನದ ಮಾದರಿ ಬೇಕಂತೆ.

"ದೊಡ್ಡ ಕೆಲಸ ನಾನು ಮಾಡ್ತೀನಿ. ಮೊಳೆ, ಮುಚ್ಚಳ, ಗೆರೆ, ಈ ಕೂದಲೆಳೆ ಕೆಲಸಕ್ಕೆ ನಿನ್ನ ಮಗನ ಕೈ ಬೇಕು," ಅಂದರು ಆಚಾರ್ರು. "ಈ ಒಂದು ವಿಮಾನ ಒಪ್ಪಿಗೆ ಆದ್ರೆ ಅವನು ಕೊನೇತನಕ ನನ್ನ ಅಂಗಡೀಲಿರ್ತಾನೆ. ಆಗಲಿಲ್ಲ ಅಂದ್ರೆ ಆಮೇಲೆ ನನ್ನ ಕೇಳಬಾರದು ಚೆನ್ನಾಜಮ್ಮ."

ಚೆನ್ನಾಜಮ್ಮ ಅವತ್ತೇ ಅವನಿಗೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ ಕಳಿಸಿದಳು.

ಮೊದಲ ದಿನ ಆಚಾರ್ರು ಮರದ ಪಟ್ಟಿ ಕೊಟ್ಟು, ಮೂತಿಗೆ, ರೆಕ್ಕೆಗೆ, ಬಾಲಕ್ಕೆ, ಚಕ್ರದ ಕಾಲಿಗೆ ತುಂಡು ಮಾಡಿಡು ಅಂದರು. ಗವಿರಂಗನಿಗೆ ತಾಯಿಯ ಮಾತು ನೆನಪಿತ್ತು. ಯಾವುದೇ ಆಗಲಿ, ಒಂದೇ ಅಳತೆ. ಮೂತಿ ಆರು ಇಂಚು, ರೆಕ್ಕೆ ಆರು ಇಂಚು, ಬಾಲ ಆರು ಇಂಚು, ಚಕ್ರದ ಕಾಲೂ ಆರು ಇಂಚು. ಜೋಡಿಸಿ ನೋಡಿದರೆ ವಿಮಾನ ಕೊಕ್ಕರೆಯ ಹಾಗೆ ನಿಂತಿತ್ತು.

ಆಚಾರ್ರು ಪೆನ್ಸಿಲು ಎಸೆದು ಬೈದರು. ಅಳತೆ ಅನ್ನುವುದು ಹಾಗಲ್ಲ ಕಣೋ. ಅಲ್ಲಿ ಸರ್ಕಲ್ಲಿನಲ್ಲಿ ಎಪ್ಪತ್ತೆರಡು ಇಂಚು ಇದ್ದದ್ದು ಇಲ್ಲಿ ಒಂದು ಇಂಚು. ಈ ಅಂಗಡಿಯೊಳಗೆ ಬಂತು ಅಂದರೆ ಯಾವುದೇ ಆಗಲಿ, ಎಪ್ಪತ್ತೆರಡರಲ್ಲಿ ಒಂದು ಪಾಲು. ಬಾಯಿಪಾಠ ಮಾಡು.

ಬಾಯಿಪಾಠ ಮಾಡಿದ. ಅಂಗಡಿಯೊಳಗೆ ಯಾವುದೇ ಆಗಲಿ, ಎಪ್ಪತ್ತೆರಡರಲ್ಲಿ ಒಂದು. ಮಧ್ಯಾಹ್ನ ಊಟದ ಡಬ್ಬಿ ತೆಗೆದ. ಡಬ್ಬಿ ಅಂಗಡಿಯೊಳಗೆ ತಾನೇ ಇತ್ತು? ರಾಗಿಮುದ್ದೆಯನ್ನು ದಾರದಲ್ಲಿ ಕತ್ತರಿಸಿ ಎಪ್ಪತ್ತೆರಡು ಪಾಲು ಮಾಡಿ, ಒಂದನ್ನು ತಿಂದು ಕೈ ತೊಳೆದ. ಉಳಿದದ್ದು ಸಂಜೆ ಸರ್ಕಲ್ಲಿನ ಕಾಗೆಗಳಿಗೆ ಹೋಯಿತು. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ನಾಲ್ಕನೆಯ ದಿನ ಕಣ್ಣು ಕತ್ತಲೆ ಬಂದು ಬಾಗಿಲು ಹಿಡಿದುಕೊಂಡು ಕೂತ.

ಚೆನ್ನಾಜಮ್ಮ ಓಡಿ ಬಂದು ಡಬ್ಬಿ ಬಿಚ್ಚಿದರೆ ಒಳಗೆ ಎಪ್ಪತ್ತೊಂದು ಉಂಡೆ. ಎಲ್ಲ ಒಂದೇ ಸಮ. ಆಚಾರ್ರು ಬಯ್ಯಲು ಬಂದವರು ಬಯ್ಯದೆ ಒಂದು ಉಂಡೆಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಾ ನಿಂತುಬಿಟ್ಟರು. ತಾಯಿಗೆ ಅದೆಲ್ಲ ಕಾಣಲಿಲ್ಲ. ಮಗ ಹಸಿದಿದ್ದದ್ದಷ್ಟೇ ಕಂಡಿತು. ಅಲ್ಲೇ ಕೂತು ತುತ್ತು ಮಾಡಿ ಬಾಯಿಗಿಟ್ಟಳು.

"ಕಣ್ಣ ಮುಂದೆ ಏನಿರುತ್ತೋ ಎಲ್ಲ ತಗೋಬೇಕು ಮಗ. ಒಂದಿಷ್ಟೂ ಬಿಡಬಾರದು. ಗೊತ್ತಾಯ್ತಾ?"

ಗೊತ್ತಾಯಿತು ಅಂದ. ಅವನಿಗೆ ಗೊತ್ತಾಯಿತು ಅಂದರೆ ನಮಗೆ ಭಯವಾಗಬೇಕು.

ವಿಮಾನದ ಮೈ ಸಿದ್ಧವಾಯಿತು. ಮೂಗಿನಿಂದ ಬಾಲಕ್ಕೆ ಒಂದು ಗೇಣು, ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಪುಟ್ಟ ಕಟ್ಟೆ, ಪುಟ್ಟ ಬೆಂಚು. ಉಳಿದದ್ದು ಸಣ್ಣ ಕೆಲಸ. ಆಚಾರ್ರ ತಂಗಿಯ ಮನೆಯಲ್ಲಿ ಮದುವೆ ಇತ್ತು. ನಾನು ಬರುವುದರೊಳಗೆ ಸರ್ಕಲ್ಲಿಗೆ ಹೋಗಿ ನಿಜವಾದದ್ದನ್ನು ನೋಡು, ಅದರ ಮೈಮೇಲೆ ಏನಿದೆಯೋ ಹಾಗೇ ಇಲ್ಲಿ ಮಾಡು ಅಂತ ಹೇಳಿ ಬಸ್ಸು ಹತ್ತಿದರು.

ಗವಿರಂಗ ನಾಲ್ಕು ದಿನ ವಿಮಾನದ ಸುತ್ತ ಸುತ್ತಿದ. ಕೆಳಗೆ ಮಲಗಿ ನೋಡಿದ, ಏಣಿ ಹಾಕಿ ನೋಡಿದ. ಮೊಳೆಗಳು ಇದ್ದವು, ಮುಚ್ಚಳಗಳು ಇದ್ದವು, ತಗಡು ತಗಡು ಸೇರುವ ಗೆರೆಗಳು ಇದ್ದವು. ಎಲ್ಲ ಮಾಡಿದ. ಇನ್ನೂ ಇದ್ದವಲ್ಲ, ಒಂದಿಷ್ಟೂ ಬಿಡಬಾರದು ಅಂದಿದ್ದಳು ತಾಯಿ. ಗಾಳಿ ಹೋಗುವ ಬಾಯಲ್ಲಿ ಕಾಗೆ ಗೂಡಿತ್ತು. ತೆಂಗಿನ ನಾರು ಬಿಡಿಸಿ ಕಡಲೆಕಾಳಿನಷ್ಟು ಗೂಡು ಹೆಣೆದ. ಹೊಟ್ಟೆಯ ಮೇಲೆ ಹಲ್ಲಿನ ಆಸ್ಪತ್ರೆಯ ಚೀಟಿ ಅಂಟಿಸಿದ್ದರು, ಅರ್ಧ ಹರಿದಿತ್ತು, 'ನೋವಿಲ್ಲದೆ ಹಲ್ಲು ಕೀ' ಅನ್ನುವವರೆಗೆ ಉಳಿದಿತ್ತು. ಅಷ್ಟನ್ನೇ ಬರೆದ, ಭೂತಗನ್ನಡಿ ಇಟ್ಟರೆ ಓದಬಹುದು. ಬಾಲಕ್ಕೆ ಸಿಕ್ಕಿಕೊಂಡ ಗಾಳಿಪಟದ ಬಾಲಂಗೋಚಿ, ರೆಕ್ಕೆಯ ಮೇಲೆ ಪಾರಿವಾಳದ ಹಿಕ್ಕೆ, ಯಾರೋ ಪ್ರೇಮಿ ಮೊಳೆಯಲ್ಲಿ ಗೀಚಿದ ಹೃದಯ, ಚಕ್ರದ ಕಾಲಿಗೆ ತಾಯಿ ನೇತುಹಾಕಿದ ಬಾಳೆನಾರಿನ ಕಂತೆ. ಎಡಗಡೆ ಚಕ್ರದ ಗಾಳಿ ಹೋಗಿ ಚಪ್ಪಟೆಯಾಗಿತ್ತು. ಮಾಡಿಟ್ಟಿದ್ದ ದುಂಡಗಿನ ಚಕ್ರವನ್ನು ಕಿತ್ತು ಚಪ್ಪಟೆ ಚಕ್ರ ಹಾಕಿದ.

ಆಚಾರ್ರು ಮದುವೆಯಿಂದ ಬಂದ ದಿನವೇ ತಾತನ ಹುಟ್ಟಿದ ದಿನ. ಅಂಗಡಿ ಬಾಗಿಲು ತೆಗೆಯುವಾಗಲೇ ಟೀಚರ್ ಹಿಂದೆ ಬಂದು ನಿಂತಿದ್ದರು. ಇಬ್ಬರೂ ಒಟ್ಟಿಗೆ ನೋಡಿದರು. ಟೀಚರ ಮುಖ ಬಾಡಿತು. ಮಿರಿಮಿರಿ ಮಿಂಚುವ ವಿಮಾನ ಕೇಳಿದ್ದೆ, ಇದೇನು ತಿಪ್ಪೆಯಿಂದ ಎತ್ತಿಕೊಂಡು ಬಂದಂತಿದೆಯಲ್ಲ ಅಂದರು. ಆಚಾರ್ರು ಮಗನಿಗೆ ಡಬ್ಬಿ ತಂದಿದ್ದ ಚೆನ್ನಾಜಮ್ಮನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಆಗಲಿಲ್ಲ ಅಂದ್ರೆ ಕೇಳಬಾರದು ಅಂದಿದ್ದರಲ್ಲ, ಅವಳು ಕೇಳಲಿಲ್ಲ. ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಳು.

ಬೇರೆ ಮಾಡಲು ಹೊತ್ತಿರಲಿಲ್ಲ. ಕ್ಷಮೆ ಕೇಳಿಯಾದರೂ ಬರೋಣ ಅಂತ ಎಲ್ಲರೂ ತಾತನ ಮನೆಗೆ ಹೋದರು.

ತಾತ ಗೋಡೆ ಕಡೆ ತಿರುಗಿ ಮಲಗಿದ್ದರು. ವಿಮಾನವನ್ನು ಎದೆಯ ಮೇಲಿಟ್ಟರೆ ಸುಮ್ಮನೆ ನೋಡಿದರು. ಆಮೇಲೆ ಭೂತಗನ್ನಡಿ ಬೇಕು ಅಂತ ಕೈ ಮಾಡಿದರು. ಮೂಗಿನಿಂದ ಶುರು ಮಾಡಿದರು. ಗೂಡು ನೋಡಿದರು, ಚೀಟಿ ಓದಿದರು, ಹಿಕ್ಕೆ ಮುಟ್ಟಿದರು, ಚಪ್ಪಟೆ ಚಕ್ರದ ಮೇಲೆ ಕನ್ನಡಿಯನ್ನು ತುಂಬ ಹೊತ್ತು ಹಿಡಿದರು.

"ಇದು ನನ್ನದೇ," ಅಂದರು ತಾತ. ಎರಡು ತಿಂಗಳಲ್ಲಿ ಮೊದಲ ಮಾತು. "ಹೊಸದು ಮಾಡಿದ್ರೆ ಯಾರದ್ದೋ ಆಗಿರೋದು. ಯಾರಪ್ಪ ಮಾಡಿದ್ದು?"

ಗವಿರಂಗ ಮುಂದೆ ಬಂದ. ತಾತ ಅವನ ಬೆರಳು ಹಿಡಿದುಕೊಂಡು ಹೇಳಿದರು. ನಮ್ಮ ಕೆಲಸದಲ್ಲಿ ಒಂದೇ ನಿಯಮ. ರಿಪೇರಿ ಬರೆದಿಡುವ ಪುಸ್ತಕದಲ್ಲಿ ಇರುವುದು ವಿಮಾನದಲ್ಲಿ ಇರಬೇಕು, ವಿಮಾನದಲ್ಲಿ ಇರುವುದು ಪುಸ್ತಕದಲ್ಲಿ ಇರಬೇಕು. ಹೊಂದಲಿಲ್ಲ ಅಂದರೆ ಹಾರಿಸಕೂಡದು. ನೀನೂ ಹಾಗೇ ಮಾಡಿದ್ದೀಯ, ಮರೆಯಬೇಡ. ಆಮೇಲೆ ಕನ್ನಡಿಯನ್ನು ಪುಟ್ಟ ಬೆಂಚಿನ ಮೇಲೆ ತಂದರು.

"ಇದ್ಯಾಕೆ ಖಾಲಿ?"

"ಯಾರೂ ಕೂತಿರಲಿಲ್ಲ ತಾತ."

ತಾತ ಕನ್ನಡಿ ಕೆಳಗಿಟ್ಟರು. ಅಲ್ಲಿ ನನ್ನನ್ನು ಕೂರಿಸಿಬಿಡು ಅಂದರು. ಗವಿರಂಗ ಅಲ್ಲೇ ಕೂತು ಹೆಬ್ಬೆರಳ ಉಗುರಿನಷ್ಟು ತಾತನನ್ನು ಕೆತ್ತಿದ. ಹಿಂದೆ ಸರ್ಕಲ್ಲಿಗೆ ಬರುತ್ತಿದ್ದ ಹಾಗೇ ನೀಲಿ ಟೋಪಿ, ಕಂಕುಳಲ್ಲಿ ಛತ್ರಿ. ಬೆಂಚಿಗೆ ಅಂಟಿಸಿದ. ತಾತ ಅವತ್ತು ಪೂರ್ತಿ ಊಟ ಮಾಡಿದರು. ಟೀಚರ್ ಕಣ್ಣೊರೆಸಿಕೊಂಡರು. ಅವನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ಆಚಾರ್ರು ಮಾತ್ರ ಇನ್ನೂ ಒಪ್ಪಲಿಲ್ಲ. ಮುದುಕನಿಗೆ ಹಿಡಿಸಿತು ಸರಿ, ಬೇರೆ ಗಿರಾಕಿ ಒಪ್ಪುತ್ತಾನೆಯೇ ಅಂತ ಅವರಿಗೆ ಅನುಮಾನ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗವಿರಂಗನಿಗೆ ಹೊಸ ಬುದ್ಧಿವಾದ ಸಿಕ್ಕಿತ್ತಲ್ಲ. ಮರುದಿನ ಬೆಳಿಗ್ಗೆ ಸರ್ಕಲ್ಲಿಗೆ ಬಂದು ಕಲ್ಲುಬೆಂಚು ನೋಡಿದ. ಖಾಲಿ. ಮಾದರಿಯಲ್ಲಿ ತಾತ ಇದ್ದಾರೆ, ಇಲ್ಲಿ ಇಲ್ಲ. ಹೊಂದುತ್ತಿಲ್ಲ. ತಾಯಿ ನೀರಿಗೆ ಹೋದ ಸಮಯ ನೋಡಿ ಹೂವಿನ ಗಾಡಿ ತಳ್ಳಿಕೊಂಡು ಹೊರಟ.

ಟೀಚರ್ ಸ್ಕೂಲಿಗೆ ಹೋಗಿದ್ದರು. ಗವಿರಂಗ ಮಹಡಿ ಹತ್ತಿ ತಾತನಿಗೆ ವಿಷಯ ತಿಳಿಸಿದ. "ಒಂದೋ ಆ ಬೊಂಬೇನ ಕೀಳಬೇಕು, ಇಲ್ಲಾ ನೀವು ಬರಬೇಕು ತಾತ. ನೀವೇ ಹೇಳಿದ್ದು."

ತಾತ ಬೊಂಬೆ ನೋಡಿದರು, ಅವನನ್ನು ನೋಡಿದರು. ನಾಲ್ಕು ಜನರ ಮೇಲೆ ಬರಲ್ಲ ಅಂದರು. ನಾನೊಬ್ಬನೇ ಇರೋದು ಅಂದ ಗವಿರಂಗ. ತಾತ ಗೋಡೆ ಹಿಡಿದು ಎದ್ದು ಕೂತರು. ಟೋಪಿ ಕೊಡು, ಛತ್ರಿ ಕೊಡು ಅಂದರು.

ಚೆನ್ನಾಜಮ್ಮ ಕೊಡ ತುಂಬಿಸಿಕೊಂಡು ಬಂದರೆ ಗಾಡಿ ಇಲ್ಲ. ಮಾರ್ಕೆಟ್ ರಸ್ತೆಯಿಂದ ಅವಳ ಗಾಡಿ ಬರುತ್ತಿದೆ. ಚೆಂಡುಹೂವಿನ ನಡುವೆ ಲುಂಗಿ ಉಟ್ಟ ಸಾರ್ಜೆಂಟ್ ತಾತ, ಹಿಂದೆ ತಳ್ಳುವವನು ಅವಳ ಮಗ. ಅದರ ಹಿಂದೆ ಅರ್ಧ ಊರು. ಬಸ್ಸು ನಿಂತಿದೆ, ಪೊಲೀಸ್ ಪೇದೆ ಸೀಟಿ ಊದುತ್ತಿದ್ದಾನೆ, ಯಾರೂ ಕೇಳುತ್ತಿಲ್ಲ. ಗವಿರಂಗ ತಾತನನ್ನು ಬೆನ್ನ ಮೇಲೆ ಹೊತ್ತು ಬೆಂಚಿನ ಮೇಲೆ ಕೂರಿಸಿ, ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ದೂರ ನಿಂತು ನೋಡಿ, ಗದ್ದವನ್ನು ಒಂದಿಷ್ಟು ಮೇಲೆತ್ತಿದ.

ಚೆನ್ನಾಜಮ್ಮ ಕೊಡ ಬಿಟ್ಟು ಓಡಿದಳು. ಬೀಳಿಸಿದ್ದರೆ ಏನು ಗತಿ, ಇನ್ನೊಂದು ಸಲ ಸೊಂಟ ಮುರಿದಿದ್ದರೆ ಏನು ಗತಿ! ಹೊಡೆಯಲು ಕೈ ಎತ್ತಿದಳು. ಅಷ್ಟರಲ್ಲಿ ತಾತ ತಲೆಯೆತ್ತಿ ವಿಮಾನ ನೋಡಿ, ಎಡಗಡೆ ಚಕ್ರಕ್ಕೆ ಗಾಳಿ ಹೊಡೆಸಬೇಕು ಅಂದರು. ಹಾಗಾದ್ರೆ ಮನೇಲಿರೋ ಪುಟ್ಟದಕ್ಕೂ ಹೊಡೆಸಬೇಕಾಗುತ್ತೆ ತಾತ, ಅಂದ ಗವಿರಂಗ. ತಾತ ನಗಲು ಶುರು ಮಾಡಿದರು. ಸ್ಕೂಲಿನಿಂದ ಓಡಿ ಬಂದ ಟೀಚರ್ ಬಯ್ಯಬೇಕು ಅಂದುಕೊಂಡು ಬಂದವರು ಅಪ್ಪನ ನಗು ಕೇಳಿ ಅಲ್ಲೇ ಬೆಂಚಿನ ತುದಿಯಲ್ಲಿ ಕೂತರು. ಎರಡು ವರ್ಷವಾಗಿತ್ತು ಅವರು ಆ ನಗು ಕೇಳಿ.

ಎತ್ತಿದ ಕೈಯ ಕೆಳಗೆ ಮಗ ಇರಲಿಲ್ಲ. ಜನರನ್ನೆಲ್ಲ ಬೆರಳು ಮಡಚಿ ಎಣಿಸಿಕೊಂಡು ಅಂಗಡಿ ಕಡೆ ಓಡಿಹೋಗಿದ್ದ.

ಮೂರು ದಿನ ಅಂಗಡಿಯಿಂದ ಏಳಲಿಲ್ಲ. ನಾಲ್ಕನೆಯ ದಿನ ಆಚಾರ್ರು ಒಂದು ಹಲಗೆ ಹಿಡಿದುಕೊಂಡು ಚೆನ್ನಾಜಮ್ಮನ ಗಾಡಿ ಹತ್ತಿರ ಬಂದರು. ಹಲಗೆಯ ಮೇಲೆ ಎಂಬತ್ತನಾಲ್ಕು ಜನ. ಬಸ್ಸಿನವನು, ಕೆನ್ನೆ ಉಬ್ಬಿಸಿದ ಪೇದೆ, ಓಡಿ ಬರುವ ಟೀಚರ್. ಒಬ್ಬೊಬ್ಬರ ಮೂಗು ಬಾಯಿ ಗುರುತು ಹಿಡಿಯಬಹುದು.

"ನಲವತ್ತು ವರ್ಷದಲ್ಲಿ ನನ್ನ ಕೈಲಿ ಇಂಥದ್ದು ಆಗಿಲ್ಲ ತಾಯಿ," ಅಂದರು ಆಚಾರ್ರು. "ಅವನು ನನ್ನ ಅಂಗಡೀಲೇ ಇರ್ತಾನೆ. ನಾನು ಹೋದ್ಮೇಲೂ ಅದು ಅವನದೇ."

ಚೆನ್ನಾಜಮ್ಮ ಆಚಾರ್ರಿಗೆ ಕೈ ಮುಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗವಿರಂಗ ಆ ಮಾತು ಕೇಳಿಸಿಕೊಂಡಿರಲೇ ಇಲ್ಲ. ಒಮ್ಮೆ ಹಲಗೆಯನ್ನು, ಒಮ್ಮೆ ತಾಯಿಯನ್ನು ನೋಡಿ ಅವನ ಮುಖ ಸಣ್ಣಗಾಗಿತ್ತು.

"ಹೊಂದ್ತಾ ಇಲ್ಲ, ಕೈ ಎತ್ತಮ್ಮ," ಅಂದ. "ನಾನು ಎತ್ತಿರೋ ಹಾಗೇ ಮಾಡಿಬಿಟ್ಟಿದ್ದೀನಿ."

ನೋಡಿದರೆ ಹೌದು, ಹಲಗೆಯ ಮೇಲೆ ಚೆನ್ನಾಜಮ್ಮ ಹೊಡೆಯಲು ಕೈ ಎತ್ತಿಕೊಂಡು ನಿಂತಿದ್ದಾಳೆ. ಅವಳು ಮಗನ ಮುಖ ನೋಡಿದಳು, ಕೈ ಎತ್ತಿದಳು. ಹಾಗೇ ಇರು, ಉಳಿದವರನ್ನೂ ಕರೆದುಕೊಂಡು ಬರುತ್ತೇನೆ ಅಂತ ಹೇಳಿ ಅವನು ಪೊಲೀಸ್ ಠಾಣೆ ಕಡೆ ನಡೆದ. ಅವಳು ಹಾಗೇ ಇದ್ದಳು. ಗಿರಾಕಿಗಳು ಬಂದು ಮಲ್ಲಿಗೆ ಕೇಳಿದರು. ನನ್ನ ಕೈಗೆ ಬಿಡುವಿಲ್ಲ, ನಿಮ್ಮ ನಿಮ್ಮ ಮೊಳದಲ್ಲಿ ನೀವೇ ಅಳೆದುಕೊಳ್ಳಿ ಅಂದಳು.