ದಾಕ್ಷಾಯಿಣಿಯ ನಾಲ್ಕೆಳೆ ಗಂಟು

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ ಪುಟ್ಟಿ, ನಿಮ್ಮಮ್ಮ ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದಾಗ, ತಿಪಟೂರಿನ ಕಡೆ ಶಿವನಂಜಪ್ಪ ಅಂತ ಒಬ್ಬ ಬಳೆಗಾರ ಇದ್ನಂತೆ. ಅವನಿಗೆ ಮೂರು ಜನ ಹೆಣ್ಮಕ್ಕಳಂತೆ. ದೊಡ್ಡವಳು ಟೀಚರ್ ಆದ್ಳು, ನಡುವಿನವಳು ನರ್ಸ್ ಆದ್ಳು, ಕೊನೆಯವಳು ದಾಕ್ಷಾಯಿಣಿ ಮಾತ್ರ ಮೈಸೂರಿಗೆ ಹೋಗಿ ಡಿಎನ್‌ಎ ಅನ್ನೋದನ್ನ ಓದ್ತಾ ಕೂತ್ಳಂತೆ. ಡಿಎನ್‌ಎ ಅಂದ್ರೆ ಗಿಡದೊಳಗೂ ನಿನ್ನ ಮೈಯೊಳಗೂ ಇರೋ, ಕಣ್ಣಿಗೆ ಕಾಣದ ದಾರ ಕಣೇ, ಎರಡೆಳೆ ಹೊಸೆದಿರುತ್ತೆ. ಆದ್ರೆ ರಾಗಿ ಗಿಡದೊಳಗಿನ ಈ ದಾರದ ತುದಿ ತನ್ನ ಮೇಲೇ ಮಡಚಿಕೊಂಡು ನಾಲ್ಕೆಳೆಯ ಗಂಟಾಗುತ್ತೆ ಅಂತ ಇವಳ ವಾದ. ಅಲ್ಲಿ ಅವಳಿಗೆ ಕಲಿಸ್ತಿದ್ದ ದೊಡ್ಡ ಮೇಷ್ಟ್ರು ಪರಮೇಶ್ವರಯ್ಯ ನಂಬಲಿಲ್ಲವಂತೆ. ಅಂಥ ಗಂಟು ನಿಲ್ಲಲ್ಲಮ್ಮ, ಯುಗಾದಿಯೊಳಗೆ ನಿಲ್ಲಿಸಿ ತೋರಿಸು, ಇಲ್ಲಾಂದ್ರೆ ಬೇರೆ ಕೆಲಸ ಹಿಡಿ ಅಂದ್ರಂತೆ.

ಆಮೇಲೆ ದಾಕ್ಷಾಯಿಣಿ ಆ ತುದಿಯಂಥದೇ ತುಣುಕು ಮಾಡಿಸಿ, ನೀರಿಗೆ ಹಾಕಿ, ಲಿಥಿಯಂ ಉಪ್ಪು ಬೆರೆಸಿದ್ಳಂತೆ. ಗಂಟು ಕಟ್ಟಿದ ಹಾಗೆ ಮಾಡಿ ಸಡಿಲ ಆಗೋಯ್ತಂತೆ. ಆಮೇಲೆ ಅಡುಗೆ ಉಪ್ಪು ಬೆರೆಸಿದ್ಳಂತೆ, ಗಂಟೇನೋ ಕಟ್ತು, ಸ್ವಲ್ಪ ಬಿಸಿ ಮಾಡಿದ್ದೇ ತಡ ಬಿಚ್ಚಿಕೊಳ್ತಂತೆ. ಅವಳಿಗೆ ಅಳುನೇ ಬಂತು. ಅಪ್ಪನಿಗೆ ಫೋನ್ ಮಾಡಿ, ನನ್ನ ಕೈಲಾಗಲ್ಲಪ್ಪಾ, ಊರಿಗೆ ಬಂದ್ಬಿಡ್ತೀನಿ ಅಂದ್ಳಂತೆ.

ಬಾ ಮಗಳೇ, ಮನೆ ನಿಂದೇ ಅಂದ ಶಿವನಂಜಪ್ಪ. ಆದ್ರೆ ಗಂಟು ನಿಲ್ಲಲ್ಲ ಅಂತ ನಿನಗೇ ಗೊತ್ತಾಗಿ ಬರ್ತಿದ್ದೀಯೋ, ಅವರು ಹೇಳಿದ್ರು ಅಂತ ಬರ್ತಿದ್ದೀಯೋ, ಅಷ್ಟು ಹೇಳು.

ದಾಕ್ಷಾಯಿಣಿ ಫೋನ್ ಇಟ್ಟು ಯೋಚನೆ ಮಾಡಿದ್ಳಂತೆ. ನಾಲ್ಕೆಳೆ ಸೇರೋ ನಡುವೆ ಒಂದು ಟೊಳ್ಳಿದೆ, ಅದರೊಳಗೆ ಉಪ್ಪಿನ ಕಣ ಕೂತು ಎಳೆಗಳನ್ನ ಹಿಡ್ಕೋಬೇಕು. ಲಿಥಿಯಂ ತೀರಾ ಚಿಕ್ಕದು, ಅಡುಗೆ ಉಪ್ಪಿನದೂ ಸ್ವಲ್ಪ ಚಿಕ್ಕದೇ. ಗಿಡದ ಜೀವಕೋಶದಲ್ಲಿ ತುಂಬಿರೋದು ಅವೆರಡಕ್ಕಿಂತ ದಪ್ಪನೆಯ ಪೊಟ್ಯಾಸಿಯಂ ಅಲ್ವಾ, ಈ ಗಂಟು ಇರಬೇಕಾದ್ದೂ ಅಲ್ಲೇ ಅಲ್ವಾ ಅಂತ ಎದ್ದೇ ಬಿಟ್ಳಂತೆ!

ಮೂರನೇ ಸಲ ಮೇಷ್ಟ್ರ ಎದುರಿಗೇ ಪೊಟ್ಯಾಸಿಯಂ ಉಪ್ಪು ಬೆರೆಸಿ, ಬಿಸಿ ಏರಿಸ್ತಾ ಹೋದ್ಳಂತೆ. ಮೊದಲು ಬಿಚ್ಚಿಕೊಂಡಿದ್ದ ಶಾಖ ಬಂತು, ದಾಟ್ತು, ಗಂಟು ಬಿಚ್ಚಿದ್ರೆ ತೋರಿಸೋ ಮಿಷನ್ನಿನ ಪರದೆ ಮೇಲಿನ ಗೆರೆ ಅಲುಗಲಿಲ್ಲ. ಇನ್ನೂ ಏರಿಸು ಅಂದ್ರು ಮೇಷ್ಟ್ರು. ಏರಿಸಿದ್ಳು. ಜಪ್ಪಯ್ಯ ಅಂದ್ರೂ ಗಂಟು ಬಿಚ್ಚಲಿಲ್ಲವಂತೆ! ಮೇಷ್ಟ್ರು ಎದ್ದು ನಿಂತು, ಸೋತೆ ಕಣಮ್ಮ, ಇಷ್ಟು ಖುಷಿಯಾಗಿ ನಾನು ಯಾವತ್ತೂ ಸೋತಿರಲಿಲ್ಲ ಅಂದ್ರಂತೆ.

ಆಮೇಲೆ ದೊಡ್ಡ ಸಭೆ ಸೇರಿಸಿ ಅವಳ ಕೈಲೇ ಎಲ್ಲಾ ಹೇಳಿಸಿದ್ರಂತೆ. ಮುಂದಿನ ಸಾಲಲ್ಲಿ ಕೂತಿದ್ದ ಶಿವನಂಜಪ್ಪ ಪಕ್ಕದ ಪ್ರೊಫೆಸರ್ ಕಡೆ ತಿರುಗಿ, ನನ್ನ ಮಗಳು ಹೇಳಿದ್ದು ಅರ್ಥ ಆಯ್ತಾ ಸ್ವಾಮಿ, ಆಗದಿದ್ರೆ ಸಂಕೋಚ ಬೇಡ, ಇನ್ನೊಂದು ಸಲ ಹೇಳ್ತಾಳೆ ಅಂದ್ನಂತೆ.

ಅವಳು ಅಲ್ಲೇ ದೊಡ್ಡ ಮೇಡಂ ಆಗಿ ಚೆನ್ನಾಗಿದ್ದಾಳಂತೆ, ನಾವು ಇಲ್ಲಿ ಚೆನ್ನಾಗಿದ್ದೀವಿ. ಕತೆ ಮುಗೀತು, ಹೊದಿಕೆ ಎಳ್ಕೋ.