ಪುರಸಭೆಗೆ ಬೇಕಾದ ನಗು

ಖಾಲಿ ಕೊಡ ಹಿಡಿದು ಧಿಕ್ಕಾರ ಕೂಗಿದ ಹೆಂಗಸರ ವಿಡಿಯೊ ಊರೂರು ಸುತ್ತಿ, ಪುರಸಭೆಯ ಮಾನ ಹರಾಜಾಗಿತ್ತು. ಮುಖ್ಯಾಧಿಕಾರಿ ಬಿರಾದಾರರು ಹೊಸ ವಿಡಿಯೊ ಮುಗಿಯುವವರೆಗೆ ಮಾತ್ರ ಆ ಹೆಂಗಸರ ಓಣಿಯ ನಳಕ್ಕೆ ನೀರು ಬಿಡಿಸಿ, ಅವರಲ್ಲೊಬ್ಬಳಾದ ಸಾವಂತ್ರವ್ವನ ಮುಂದೆ ಮೊಬೈಲ್ ಹಿಡಿದರು.

“ನಕ್ಕೋತ ಕೊಡ ತುಂಬು. ಫೇಸ್‌ಬುಕ್ಕಿಗೆ ಹಾಕ್ತೀನಿ.”

ಕೊಡ ತುಂಬಿತು. ಅವಳ ಮುಖ ಮಾತ್ರ ಹರಳೆಣ್ಣೆ ಕುಡಿದಂತಿತ್ತು.

“ನಗಿ ಬರವಲ್ದರಿ ಸಾಹೇಬ್ರ. ಇನ್ನೊಮ್ಮೆ ತಗೀರಿ.”

ಪಕ್ಕದ ಮನೆಯ ಖಾಲಿ ಕೊಡ ಬಂತು. ಅದು ತುಂಬುವಾಗ ಅವಳಿಗೆ ಸೀನು ಬಂತು. ಮುಂದಿನದಕ್ಕೆ ಕಣ್ಣಿಗೆ ಬಿಸಿಲು ಹೊಡೆಯಿತು. ಪ್ರತಿ ಸಲವೂ ಹೊಸ ಕೊಡ, ಹೊಸ ನೆಪ. ಬಿರಾದಾರರು ಬೆವರೊರೆಸಿಕೊಂಡು ಹಲ್ಲು ಕಡಿದರು.

ಓಣಿಯ ಕೊನೆಯ ಮನೆಯ ಕೊಡವೂ ತುಂಬಿದಾಗ ಸಾವಂತ್ರವ್ವ ಬಾಯಿತುಂಬ ನಕ್ಕಳು.

“ಈ ನಗಿ ಇಷ್ಟೊತ್ತು ಎಲ್ಲಿ ಹೋಗಿತ್ತವ್ವಾ?” ಎಂದು ಬಿರಾದಾರರು ಗದರಿದರು.

“ಮೊದಲ ನಕ್ಕಿದ್ರ ನೀವು ಆಗ್ಲೇ ನಳ ಬಂದ್ ಮಾಡಸ್ತಿದ್ರಲ್ಲರಿ!”